ಚರ್ಚಿನ ಆರ್ಗನ್ ವಾದಕ, ಗಾಯಕವೃಂದದ ನಿರ್ದೇಶಕ, ಸಂಗೀತ ರಚನಕಾರ: ಈ ವೃತ್ತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚರ್ಚಿನ ಸಂಗೀತವನ್ನು ವೃತ್ತಿಯಾಗಿ ಸ್ವೀಕರಿಸಲು ಯೋಚಿಸುತ್ತಿರುವವರು, ಅವರ ಹೆತ್ತವರು ಮತ್ತು ಹೊಸ ಸಂಗೀತಗಾರರನ್ನು ನೇಮಿಸಿಕೊಳ್ಳಲಿರುವ ಸಭೆಗಳ ಹಿರಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ನೆರೆದ ಸಭೆ ಮನಸ್ಸು ಬಿಚ್ಚಿ ಹಾಡುವಂತೆ ಮಾಡುವುದೇ ಈ ವೃತ್ತಿಯ ಮೊದಲ ಕರ್ತವ್ಯ, ಉಳಿದ ಪಾಂಡಿತ್ಯವೆಲ್ಲ ಅದರ ನಂತರ ಬರುವಂಥದ್ದು ಎಂಬ ನಿಲುವಿನಿಂದ ಈ ಉತ್ತರಗಳನ್ನು ಬರೆಯಲಾಗಿದೆ.

ಆರ್ಗನ್ ನುಡಿಸುವುದು, ಗಾಯಕವೃಂದವನ್ನು ನಡೆಸುವುದು, ಸಂಗೀತ ರಚಿಸುವುದು: ಈ ಮೂರೂ ಒಬ್ಬರ ಕೆಲಸವೇ?

ಹೆಚ್ಚಿನ ಚರ್ಚುಗಳಲ್ಲಿ ಮೊದಲ ಎರಡು ಒಬ್ಬರ ಮೇಲೇ ಬೀಳುತ್ತವೆ, ಮೂರನೆಯದು ಅಗತ್ಯ ಬಿದ್ದಾಗ ತಾನಾಗಿ ಬಂದು ಸೇರಿಕೊಳ್ಳುತ್ತದೆ. ದೊಡ್ಡ ಕ್ಯಾಥೆಡ್ರಲ್‌ಗಳಲ್ಲಿ ಸಂಗೀತ ನಿರ್ದೇಶಕ, ಆರ್ಗನ್ ವಾದಕ, ಸಹಾಯಕ ವಾದಕ ಎಂದು ಹುದ್ದೆಗಳು ಬೇರೆ ಬೇರೆಯಾಗಿರುವುದುಂಟು. ಆದರೆ ಇವು ಒಂದಾಗಿರುವ ಪರಂಪರೆ ಹಳೆಯದು. ಇಂಗ್ಲೆಂಡಿನ ರಚನಕಾರ ವಿಲಿಯಂ ಬರ್ಡ್ 1563ರಲ್ಲಿ ಲಿಂಕನ್ ಕ್ಯಾಥೆಡ್ರಲ್‌ಗೆ ನೇಮಕವಾದದ್ದೇ ಆರ್ಗನ್ ವಾದಕರೂ ಬಾಲಗಾಯಕರ ಗುರುವೂ ಆಗಿ. ಫ್ರೆಂಚ್ ರಚನಕಾರ ಗೇಬ್ರಿಯಲ್ ಫೋರೆ ಪ್ಯಾರಿಸ್ಸಿನ ಮದ್ಲೆನ್ ಚರ್ಚಿನಲ್ಲಿ 1877ರಿಂದ ಗಾಯಕವೃಂದದ ನಿರ್ದೇಶಕರಾಗಿದ್ದು, 1896ರಲ್ಲಿ ಅಲ್ಲಿಯೇ ಮುಖ್ಯ ಆರ್ಗನ್ ವಾದಕರಾದರು. ಅವರ ಪ್ರಸಿದ್ಧ ರೆಕ್ವಿಯಮ್ (ಮೃತರಿಗಾಗಿ ಹಾಡುವ ಆರಾಧನೆಯ ಸಂಗೀತ) ಮೊದಲು ಕೇಳಿಬಂದದ್ದು 1888ರಲ್ಲಿ ಅದೇ ಚರ್ಚಿನಲ್ಲಿ. ಇದಕ್ಕೆ ಅಪವಾದವಾಗಿ ಎಲ್ಲರಿಗೂ ತಿಳಿದ ಒಂದು ಹೆಸರೂ ಇದೆ: ಯೋಹಾನ್ ಸೆಬಾಸ್ಟಿಯನ್ ಬಾಖ್ 1723ರಲ್ಲಿ ಲೈಪ್ಜಿಗ್‌ಗೆ ಬಂದದ್ದು ಕ್ಯಾಂಟರ್ ಆಗಿ. ಹುಡುಗರಿಗೆ ಕಲಿಸುವುದು, ವಾರವಾರದ ಆರಾಧನೆಗೆ ಸಂಗೀತ ರಚಿಸಿ ನಡೆಸುವುದು ಅವರ ಹೊಣೆಯಾಗಿತ್ತು. ಅಲ್ಲಿನ ಚರ್ಚುಗಳ ಆರ್ಗನ್ ವಾದಕರ ಹುದ್ದೆಗಳಲ್ಲಿ ಬೇರೆಯವರಿದ್ದರು.

ಪಿಯಾನೊ ಚೆನ್ನಾಗಿ ಬರುತ್ತದೆ. ಆರ್ಗನ್ ಕಲಿಯುವುದು ಎಷ್ಟು ಕಷ್ಟ?

ಪಿಯಾನೊದ ಅಭ್ಯಾಸ ಬಹಳ ನೆರವಾಗುತ್ತದೆ, ಆದರೆ ಕೆಲವು ರೂಢಿಗಳನ್ನು ಬಿಡಬೇಕಾಗುತ್ತದೆ. ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸುತ್ತ ಹೋಗುತ್ತದೆ. ಆರ್ಗನ್‌ನ ಸ್ವರ ಬೆರಳು ಕೀಲಿಯ ಮೇಲಿರುವಷ್ಟು ಹೊತ್ತೂ ಒಂದೇ ಬಲದಲ್ಲಿ ನಿಂತಿರುತ್ತದೆ. ಆದ್ದರಿಂದ ಸ್ವರವನ್ನು ಯಾವಾಗ ಒತ್ತಬೇಕು ಎಂಬುದರಷ್ಟೇ ಯಾವಾಗ ಬಿಡಬೇಕು ಎಂಬುದೂ ಮುಖ್ಯವಾಗುತ್ತದೆ. ಬೆರಳಿನ ಬಲದಿಂದ ಸ್ವರವನ್ನು ಜೋರು ಮಾಡಲಾಗದು. ಒಂದು ಸ್ವರಕ್ಕೆ ಒತ್ತು ಕೊಡಬೇಕಾದರೆ ಅದಕ್ಕೆ ಮುನ್ನ ಕೂದಲೆಳೆಯಷ್ಟು ಮೌನವನ್ನು ಇಡಬೇಕು. ಸ್ವರಗಳನ್ನು ಕೂಡಿಸಿಕೊಡುವ ಪಿಯಾನೊದ ಪೆಡಲ್ ಇಲ್ಲಿಲ್ಲವಾದ ಕಾರಣ, ಕೀಲಿಯನ್ನು ಬಿಡದೆಯೇ ಒಂದು ಬೆರಳಿನ ಜಾಗಕ್ಕೆ ಇನ್ನೊಂದನ್ನು ತರುವ ಕೌಶಲ ಕೈಗೆ ಹತ್ತಬೇಕು.

ಕಾಲುಗಳ ಕಲಿಕೆ ಇನ್ನೊಂದು ಅಧ್ಯಾಯ. ಸಾಮಾನ್ಯವಾಗಿ 30 ಅಥವಾ 32 ಸ್ವರಗಳ ಪೆಡಲ್ ಹಲಗೆಯನ್ನು ಹೆಬ್ಬೆರಳಿನ ಭಾಗದಿಂದಲೂ ಹಿಮ್ಮಡಿಯಿಂದಲೂ, ಕೆಳಗೆ ನೋಡದೆ ನುಡಿಸಬೇಕು. ಅದಕ್ಕಾಗಿಯೇ ತೆಳು ಅಟ್ಟೆಯ, ಸ್ವಲ್ಪ ಎತ್ತರದ ಹಿಮ್ಮಡಿಯ ಪ್ರತ್ಯೇಕ ಬೂಟುಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಪಿಯಾನೊದಿಂದ ಬಂದವರಿಗೆ ನಿಜವಾಗಿ ಕಷ್ಟವಾಗುವುದು ಎಡಗೈ. ಇಷ್ಟು ವರ್ಷ ಮಂದ್ರ ಸ್ವರಗಳನ್ನು ನುಡಿಸಿದ ಆ ಕೈ ಈಗ ಮಧ್ಯದ ದನಿಯನ್ನು ನುಡಿಸಬೇಕು, ಮಂದ್ರವು ಕಾಲಿನ ಪಾಲಾಗಿರುತ್ತದೆ. ಹಳೆಯ ರೂಢಿಯಂತೆ ಎಡಗೈ ಕಾಲಿನ ಹಿಂದೆಯೇ ಓಡತೊಡಗುತ್ತದೆ. ಬಲಗೈಯನ್ನು ಬದಿಗಿಟ್ಟು ಎಡಗೈ ಮತ್ತು ಕಾಲು ಎರಡನ್ನೇ ನಿಧಾನವಾಗಿ ಸಾಧನೆ ಮಾಡುವುದು ಇದಕ್ಕೆ ಮದ್ದು. ಇದನ್ನು ತಪ್ಪಿಸಿಕೊಂಡು ಮುಂದೆ ಹೋದವರ ವಾದನದಲ್ಲಿ ಆ ಕೊರತೆ ಕೊನೆಯವರೆಗೂ ಕೇಳಿಸುತ್ತದೆ.

ಸ್ಟಾಪ್‌ಗಳ ಮೇಲೆ 16, 8, 4 ಎಂದು ಬರೆದಿರುವುದೇಕೆ?

ಸ್ಟಾಪ್ ಎಂದರೆ ಒಂದು ಬಗೆಯ ನಾದದ ಕೊಳವೆಗಳ ಸಾಲನ್ನು ತೆರೆಯುವ ಗುಂಡಿ. ಅದರ ಮೇಲಿನ ಅಂಕಿ ಅಡಿಗಳಲ್ಲಿ ಹೇಳಿದ ಕೊಳವೆಯ ಉದ್ದ. 8 ಎಂದು ಬರೆದ ಸ್ಟಾಪ್‌ನಲ್ಲಿ ಅತಿ ಕೆಳಗಿನ ಕೀಲಿಯ ತೆರೆದ ಕೊಳವೆ ಸುಮಾರು ಎಂಟು ಅಡಿ ಉದ್ದವಿರುತ್ತದೆ, ಅದರ ಶ್ರುತಿ ಪಿಯಾನೊದ ಶ್ರುತಿಗೆ ಸಮ. 16 ಒಂದು ಸ್ಥಾಯಿ ಕೆಳಗೆ, 4 ಒಂದು ಸ್ಥಾಯಿ ಮೇಲೆ ಕೇಳಿಸುತ್ತದೆ. 2⅔ ಎಂಬುದನ್ನು ತೆರೆದರೆ ಒತ್ತಿದ ಸ್ವರಕ್ಕೆ ಮೇಲಿನ ಸ್ಥಾಯಿಯ ಪಂಚಮ ಕೂಡಿಕೊಳ್ಳುತ್ತದೆ. 32 ಅಡಿಯ ಸ್ಟಾಪ್‌ನ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 16 ಕಂಪನಗಳಷ್ಟೇ ಆದ್ದರಿಂದ ಅದನ್ನು ಕಿವಿಗಿಂತ ಮೈಯೇ ಹೆಚ್ಚು ಗ್ರಹಿಸುತ್ತದೆ. ತುದಿ ಮುಚ್ಚಿದ ಕೊಳವೆ ಅದೇ ಉದ್ದದ ತೆರೆದ ಕೊಳವೆಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುವುದರಿಂದ, ಎತ್ತರ ಕಡಿಮೆಯಿರುವ ಕಟ್ಟಡಗಳಲ್ಲಿ ಎಂಟು ಅಡಿಯ ಮುಚ್ಚಿದ ಕೊಳವೆಗಳಿಂದಲೇ ಹದಿನಾರು ಅಡಿಯ ನಾದವನ್ನು ಪಡೆಯುತ್ತಾರೆ.

ಪಿಟೀಲು ಎಲ್ಲಿ ಹೋದರೂ ಪಿಟೀಲೇ, ಆರ್ಗನ್ ಹಾಗಲ್ಲ. ಉತ್ತರ ಜರ್ಮನಿಯಲ್ಲಿ ಆರ್ಪ್ ಶ್ನಿಟ್ಗರ್ ಕಟ್ಟಿದ ವಾದ್ಯಕ್ಕೂ ಪ್ಯಾರಿಸ್ಸಿನ ಸೇಂಟ್ ಸುಲ್ಪೀಸ್‌ನಲ್ಲಿ 1862ರಲ್ಲಿ ಅರಿಸ್ಟೀಡ್ ಕವಾಯೆ ಕೋಲ್ ಪೂರ್ಣಗೊಳಿಸಿದ ಐದು ಕೀಲಿಮಣೆಗಳ ವಾದ್ಯಕ್ಕೂ ನಾದದಲ್ಲಿ, ಸ್ಪರ್ಶದಲ್ಲಿ, ಉದ್ದೇಶದಲ್ಲಿಯೇ ಅಂತರವಿದೆ. ಹೀಗಾಗಿ ಹೊಸ ಚರ್ಚಿನಲ್ಲಿ ನುಡಿಸುವ ಮುನ್ನ ಒಂದೊಂದೇ ಸ್ಟಾಪ್ ತೆರೆದು ಕೇಳಲು, ಸಾಧ್ಯವಾದರೆ ಬೇರೊಬ್ಬರು ನುಡಿಸುತ್ತಿರುವಾಗ ಸಭೆ ಕೂರುವ ಜಾಗದಲ್ಲಿ ಕೂತು ಕೇಳಲು ಸಮಯ ಮೀಸಲಿಡಬೇಕು.

ಸ್ತುತಿಗೀತೆಗಳಿಗೆ ನುಡಿಸುವುದು ಸುಲಭದ ಭಾಗವಲ್ಲವೇ?

ಈ ಪ್ರಶ್ನೆ ಬಹಳ ಸಲ ಬರುತ್ತದೆ, ಮತ್ತು ಉತ್ತರ ಪ್ರತಿ ಸಲವೂ ಒಂದೇ: ಇಡೀ ವೃತ್ತಿಯಲ್ಲಿ ಇದೇ ಕಠಿಣವಾದದ್ದು. ನಾಲ್ಕು ಸಾಲುಗಳ ಗೀತೆಯ ಸ್ವರಗಳನ್ನು ತಪ್ಪಿಲ್ಲದೆ ನುಡಿಸಲು ಒಂದೆರಡು ವರ್ಷದ ಅಭ್ಯಾಸ ಸಾಕು. ಪರಸ್ಪರ ಪರಿಚಯವೂ ಇಲ್ಲದ ಇನ್ನೂರು ಜನ ಒಂದೇ ಉಸಿರಿನಲ್ಲಿ ಹಾಡುವಂತೆ ನುಡಿಸಲು ಅಷ್ಟು ಸಾಲದು.

ಕೆಲಸ ಶುರುವಾಗುವುದು ಪೀಠಿಕೆಯ ಸಾಲಿನಿಂದ. ಆ ಒಂದು ಸಾಲು ಗೀತೆಯ ಶ್ರುತಿ, ಗತಿ, ಭಾವ ಮೂರನ್ನೂ ತಿಳಿಸಬೇಕು. ಪೀಠಿಕೆಯನ್ನು ಒಂದು ಗತಿಯಲ್ಲಿ ನುಡಿಸಿ ಮೊದಲ ಚರಣವನ್ನು ಇನ್ನೊಂದರಲ್ಲಿ ಎತ್ತಿಕೊಂಡರೆ ಸಭೆಯ ನಂಬಿಕೆ ಅಲ್ಲಿಗೇ ಕಳೆದುಹೋಗುತ್ತದೆ. ಚರಣ ಚರಣದ ನಡುವಿನ ಬಿಡುವೂ ಲಯದ ಭಾಗವೇ. ಕೊನೆಯ ಸ್ವರ ಎಷ್ಟು ಮಾತ್ರೆ, ಮೌನ ಎಷ್ಟು ಮಾತ್ರೆ ಎಂಬುದು ಪ್ರತಿ ಚರಣದಲ್ಲೂ ಒಂದೇ ಆಗಿದ್ದರೆ, ಯಾರೂ ಕೈಸನ್ನೆ ಮಾಡದೆಯೇ ಜನ ಒಟ್ಟಿಗೆ ಎತ್ತಿಕೊಳ್ಳುತ್ತಾರೆ. ನುಡಿಸುವವರು ತಾವೂ ಮನಸ್ಸಿನಲ್ಲಿ ಸಾಹಿತ್ಯವನ್ನು ಹಾಡಿಕೊಳ್ಳುತ್ತಿರಬೇಕು. ಹಾಡುವವರಿಗೆ ಉಸಿರು ಬೇಕಾದಲ್ಲಿ ವಾದ್ಯವೂ ಉಸಿರಾಡಬೇಕು. ಅರ್ಥ ಸಾಲಿನ ಕೊನೆಯಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಹರಿಯುತ್ತಿದ್ದರೆ ವಾದ್ಯವೂ ಹರಿಯಬೇಕು.

ಸ್ಟಾಪ್‌ಗಳ ಆಯ್ಕೆಯನ್ನು ಸಾಹಿತ್ಯವೇ ನಿರ್ಧರಿಸಲಿ. ಮರಣವನ್ನು ಕುರಿತ ಚರಣಕ್ಕೆ ಎಂಟು ಅಡಿಯ ಒಂದೆರಡು ಮೃದು ದನಿಗಳು ಸಾಕು. ಪುನರುತ್ಥಾನದ ಚರಣದಲ್ಲಿ ಮಿಕ್ಸ್‌ಚರ್ (ಒಂದು ಕೀಲಿಗೆ ಎತ್ತರದ ಶ್ರುತಿಯ ಹಲವು ಕೊಳವೆಗಳು ನುಡಿಯುವ ಸ್ಟಾಪ್), ರೀಡ್‌ಗಳು (ಲೋಹದ ನಾಲಿಗೆಯ ಕಂಪನದಿಂದ ನುಡಿಯುವ ಕೊಳವೆಗಳು) ತೆರೆದುಕೊಳ್ಳಲಿ. ಗಟ್ಟಿಯಾಗಿ ನುಡಿಸಿದರೆ ಸಭೆ ಗಟ್ಟಿಯಾಗಿ ಹಾಡುತ್ತದೆ ಎಂಬುದು ಅರ್ಧ ಸತ್ಯ. ತಮ್ಮ ದನಿ ತಮಗೇ ಕೇಳಿಸದಷ್ಟು ವಾದ್ಯ ಜೋರಾದಾಗ ಜನ ಪುಸ್ತಕ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಸಭೆಗೆ ಚೆನ್ನಾಗಿ ಗೊತ್ತಿರುವ ಗೀತೆಯ ಒಂದು ಚರಣದಲ್ಲಿ ವಾದ್ಯವನ್ನು ಪೂರ್ತಿ ನಿಲ್ಲಿಸಿ ನೋಡಿ: ಜನ ತಮ್ಮದೇ ದನಿಯನ್ನು ಕೇಳಿಸಿಕೊಳ್ಳುತ್ತಾರೆ, ಮತ್ತೆ ವಾದ್ಯ ಸೇರಿದಾಗ ಹಾಡು ಮೊದಲಿಗಿಂತ ತುಂಬಿಕೊಂಡಿರುತ್ತದೆ.

ಛಂದಸ್ಸಿನ ಲೆಕ್ಕವೂ ತಿಳಿದಿರಬೇಕು. ಇಂಗ್ಲಿಷ್ ಸ್ತುತಿಗೀತೆಗಳಲ್ಲಿ ಸಾಲಿಗೆ 8, 6, 8, 6 ಉಚ್ಚಾರಾಂಶಗಳಿರುವುದನ್ನು ಸಾಮಾನ್ಯ ಛಂದಸ್ಸೆಂದೂ ನಾಲ್ಕೂ ಸಾಲು ಎಂಟಿದ್ದರೆ ದೀರ್ಘ ಛಂದಸ್ಸೆಂದೂ ಕರೆಯುತ್ತಾರೆ. ಒಂದೇ ಛಂದಸ್ಸಿನ ಧಾಟಿಗಳನ್ನು ಅದಲುಬದಲು ಮಾಡಬಹುದಾದ್ದರಿಂದ, ಅಪರಿಚಿತ ಸಾಹಿತ್ಯವನ್ನು ಪರಿಚಿತ ಧಾಟಿಗೆ ಕೂರಿಸಿ ಆ ಭಾನುವಾರದ ಮಟ್ಟಿಗೆ ಸಭೆಯನ್ನು ಮುಜುಗರದಿಂದ ಪಾರುಮಾಡಲು ಇದು ಒಳ್ಳೆಯ ಉಪಾಯ. ಆದರೆ ಲೆಕ್ಕ ಕೂಡಿದ ಮಾತ್ರಕ್ಕೆ ಭಾವ ಕೂಡುವುದಿಲ್ಲ, ಅದನ್ನು ಹಾಡಿ ನೋಡಿಯೇ ತೀರ್ಮಾನಿಸಬೇಕು.

ಸಭೆ ಯಾವಾಗಲೂ ವಾದ್ಯಕ್ಕಿಂತ ಹಿಂದೆ ಬೀಳುತ್ತದೆ. ಏನು ಮಾಡಬೇಕು?

ಸ್ವಲ್ಪ ಮಟ್ಟಿಗೆ ಇದು ಭೌತಶಾಸ್ತ್ರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಕೊಳವೆಗಳಿಂದ 34 ಮೀಟರ್ ದೂರದಲ್ಲಿ ಕೂತವರಿಗೆ ಸ್ವರ ತಲುಪುವಾಗ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತದೆ, ಅವರ ದನಿ ವಾದಕರ ಕಿವಿಗೆ ಮರಳುವಾಗ ಇನ್ನೂ ಅಷ್ಟು ಕಳೆದಿರುತ್ತದೆ. ಕೇಳಿಸಿದ ಹಾಡಿಗೆ ಹೊಂದಿಕೊಳ್ಳಲು ವಾದಕರು ನಿಧಾನಿಸಿದರೆ ಸಭೆ ಇನ್ನಷ್ಟು ನಿಧಾನಿಸುತ್ತದೆ, ಹೀಗೆ ಗೀತೆ ಎಳೆದು ಎಳೆದು ನಿಂತೇಬಿಡುತ್ತದೆ. ತಡವಾಗಿ ಕೇಳುವ ದನಿಗೆ ಕಿವಿಗೊಡುತ್ತಲೇ ಕೈಗಳನ್ನು ಅದಕ್ಕೆ ಒಪ್ಪಿಸದಿರುವುದನ್ನು ಕಲಿಯಬೇಕು. ಜೊತೆಗೆ ಸ್ವರಗಳನ್ನು ಒಂದಕ್ಕೊಂದು ಅಂಟಿಸದೆ ತುಸು ಬಿಡಿಬಿಡಿಯಾಗಿ ನುಡಿಸಿದರೆ, ಪ್ರತಿಧ್ವನಿ ಹೆಚ್ಚಿರುವ ಕಟ್ಟಡದಲ್ಲೂ ಲಯ ಸ್ಪಷ್ಟವಾಗಿ ಕೇಳಿಸುತ್ತದೆ.

ಸ್ವರಲಿಪಿ ಇಲ್ಲದೆ ಮನೋಧರ್ಮದಿಂದ ನುಡಿಸಲು ಬರಲೇಬೇಕೇ?

ಬರಲೇಬೇಕು. ಕಾಣಿಕೆ ಎತ್ತುವುದು ಬೇಗ ಮುಗಿಯಬಹುದು, ಮೆರವಣಿಗೆ ಅರ್ಧ ದಾರಿಯಲ್ಲಿ ನಿಲ್ಲಬಹುದು, ಮದುಮಗಳು ತಡವಾಗಿ ಬರಬಹುದು. ಅಚ್ಚಾದ ಕೃತಿ ಇದಕ್ಕೆಲ್ಲ ಕಾಯುವುದಿಲ್ಲ. ಈಗಷ್ಟೇ ಹಾಡಿದ ಗೀತೆಯ ಒಂದು ಸಾಲನ್ನು ಹಿಡಿದು ಒಂದೆರಡು ನಿಮಿಷ ಸರಳವಾಗಿ ಬೆಳೆಸಿ, ಬೇಕೆಂದ ಕ್ಷಣದಲ್ಲಿ ಷಡ್ಜಕ್ಕೆ ಬಂದು ನಿಲ್ಲಿಸುವ ಶಕ್ತಿ ಇರಬೇಕು. ಇದರ ಶಿಖರಗಳೂ ಈ ಪರಂಪರೆಯಲ್ಲಿವೆ. ಆಸ್ಟ್ರಿಯಾದ ರಚನಕಾರ ಆಂಟನ್ ಬ್ರುಕ್ನರ್ ತಮ್ಮ ಕಾಲದಲ್ಲಿ ಯೂರೋಪಿನಾದ್ಯಂತ ಹೆಸರಾದದ್ದು ಮೊದಲು ಮನೋಧರ್ಮ ವಾದನಕ್ಕಾಗಿ, 1871ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲೂ ನುಡಿಸಿದರು. ನೆದರ್‌ಲೆಂಡ್ಸ್‌ನ ಹಾರ್ಲೆಂನಲ್ಲಿ ಮನೋಧರ್ಮ ವಾದನಕ್ಕೆಂದೇ ಅಂತರರಾಷ್ಟ್ರೀಯ ಸ್ಪರ್ಧೆ 1951ರಲ್ಲಿ ಆರಂಭವಾಯಿತು. ಪ್ರತಿದಿನ ಒಂದು ಗೀತೆಯನ್ನು ಬೇರೆ ಬೇರೆ ಶ್ರುತಿಗಳಲ್ಲಿ, ಧಾಟಿಯನ್ನು ಒಮ್ಮೆ ಕಾಲಿಗೆ ಒಮ್ಮೆ ಎಡಗೈಗೆ ಕೊಟ್ಟು ನುಡಿಸುವುದರಿಂದ ಆರಂಭಿಸಬಹುದು.

ಗಾಯಕವೃಂದಕ್ಕೆ ಎಷ್ಟು ಜನ ಬೇಕು? ಸ್ವರಲಿಪಿ ಓದಲು ಬಾರದವರನ್ನು ಸೇರಿಸಿಕೊಳ್ಳಬಹುದೇ?

ಬಾಖ್ 1730ರ ಆಗಸ್ಟ್‌ನಲ್ಲಿ ಲೈಪ್ಜಿಗ್‌ನ ಪುರಸಭೆಗೆ ಸಲ್ಲಿಸಿದ ಮನವಿಯಲ್ಲಿ, ಒಂದು ವೃಂದಕ್ಕೆ ಕನಿಷ್ಠ ಹನ್ನೆರಡು ಗಾಯಕರು ಬೇಕು, ಹದಿನಾರಿದ್ದರೆ ಇನ್ನೂ ಒಳ್ಳೆಯದು ಎಂದು ಬರೆದಿದ್ದರು. ಯಾರಾದರೂ ಕಾಯಿಲೆ ಬಿದ್ದರೂ ಆರಾಧನೆ ನಿಲ್ಲಬಾರದು ಎಂಬುದೂ ಅವರ ಲೆಕ್ಕದಲ್ಲಿತ್ತು. ಇಂದಿಗೂ ಇದು ನಂಬಬಹುದಾದ ಅಳತೆ. ಆದರೆ ಎಂಟು ಜನರಿದ್ದರೆ ಎಂಟು ಜನರಿಗೆ ತಕ್ಕ ಸಂಗೀತ ಆರಿಸಿಕೊಳ್ಳಬೇಕು. ಇಬ್ಬರೇ ಟೆನರ್‌ಗಳಿರುವ (ಪುರುಷರ ಎತ್ತರದ ದನಿಯವರಿರುವ) ವೃಂದದಿಂದ ಎಂಟು ಬೇರೆ ಬೇರೆ ದನಿಗಳ ಕೃತಿಯನ್ನು ಹಾಡಿಸಿ ಅವರನ್ನು ಎಲ್ಲರೆದುರು ಸೋಲಿಸುವುದಕ್ಕಿಂತ, ಎಲ್ಲರೂ ಒಂದೇ ದನಿಯಲ್ಲಿ ಶುದ್ಧ ಶ್ರುತಿಯಿಂದ ಹಾಡುವುದು ಎಷ್ಟೋ ಮೇಲು.

ಸ್ವರಲಿಪಿ ಬಾರದವರನ್ನು ಖಂಡಿತ ಸೇರಿಸಿಕೊಳ್ಳಬಹುದು, ಆದರೆ ಅವರನ್ನು ಹಾಗೆಯೇ ಬಿಡಬಾರದು. ಪ್ರತಿ ಅಭ್ಯಾಸದಲ್ಲಿ ಐದು ನಿಮಿಷ ಸ್ವರಲಿಪಿ ಓದಿಸಿದರೆ ಒಂದೆರಡು ವರ್ಷಗಳಲ್ಲಿ ವೃಂದದ ಚಹರೆಯೇ ಬದಲಾಗುತ್ತದೆ. ಅಭ್ಯಾಸವನ್ನು ಉಸಿರು ಮತ್ತು ಕಂಠದ ಹದದಿಂದ ಶುರುಮಾಡಿ. ಅತಿ ಕಷ್ಟದ ಭಾಗವನ್ನು ಜನ ದಣಿಯುವ ಮೊದಲೇ, ಅಂದರೆ ಮೊದಲ ಅರ್ಧ ಗಂಟೆಯೊಳಗೆ ತೆಗೆದುಕೊಳ್ಳಿ. ತಪ್ಪಾದ ಒಂದೆರಡು ಮಾತ್ರೆಗಳಿಗಾಗಿ ಇಡೀ ಪುಟವನ್ನು ಮತ್ತೆ ಮತ್ತೆ ಹಾಡಿಸಬೇಡಿ. ಶ್ರುತಿ ಇಳಿಯುವುದಕ್ಕೆ ಸಾಮಾನ್ಯವಾಗಿ ಕಿವಿಯ ದೋಷಕ್ಕಿಂತ ಉಸಿರಿನ ಆಧಾರವಿಲ್ಲದಿರುವುದು ಅಥವಾ ಗಿಡ್ಡ ಸ್ವರಾಕ್ಷರಗಳನ್ನು ಬಿಗಿಯಾಗಿ ಹಾಡುವುದು ಕಾರಣವಾಗಿರುತ್ತದೆ. ಇನ್ನೂ ಮೇಲೆ ಎಂದು ಗದರುವುದರಿಂದ ಅದು ಸರಿಹೋಗುವುದಿಲ್ಲ. ಸಂಬಳವಿಲ್ಲದೆ, ಮನೆಯ ಕೆಲಸ ಮುಗಿಸಿ, ಸಂಜೆ ಹೊತ್ತು ಬಂದು ಹಾಡುವವರಿಗೆ ನಿರ್ದೇಶಕರು ಕೊಡಬಹುದಾದ ದೊಡ್ಡ ಗೌರವವೆಂದರೆ ಸಿದ್ಧರಾಗಿ ಬರುವುದು ಮತ್ತು ಹೇಳಿದ ಹೊತ್ತಿಗೆ ಮುಗಿಸುವುದು.

ನುಡಿಸುತ್ತಲೇ ವೃಂದವನ್ನೂ ನಡೆಸಲು ಸಾಧ್ಯವೇ?

ಸಾಧ್ಯ. ತಲೆಯ ಸನ್ನೆ, ಬಿಡುವಾದ ಕೈ, ಕನ್ನಡಿ, ಈಗ ಪುಟ್ಟ ಕ್ಯಾಮೆರಾ ಮತ್ತು ಪರದೆ ಇವೆಲ್ಲ ನೆರವಾಗುತ್ತವೆ. ಆದರೆ ವೃಂದವು ಸನ್ನೆಯಿಲ್ಲದೆಯೂ ಒಟ್ಟಿಗೆ ಉಸಿರೆಳೆಯುವಂತೆ ಅಭ್ಯಾಸದಲ್ಲಿಯೇ ಪಳಗಿಸಿರಬೇಕು. ವಾದ್ಯವಿಲ್ಲದೆ ಹಾಡುವ ಕೃತಿಗಳಿಗೆ ಮಾತ್ರ ಎದ್ದುಬಂದು ಮುಂದೆ ನಿಲ್ಲುವುದು ಒಳ್ಳೆಯದು.

ನಾನೇ ಸಂಗೀತ ರಚಿಸಬೇಕೇ? ಅಷ್ಟೊಂದು ಒಳ್ಳೆಯ ಸಂಗೀತ ಈಗಾಗಲೇ ಇದೆಯಲ್ಲ?

ಇದೆ, ಆದರೆ ಅದನ್ನು ನಿಮ್ಮ ವೃಂದಕ್ಕಾಗಿ ಬರೆದಿಲ್ಲ. ಮೂವರು ಸೊಪ್ರಾನೊ (ಅತಿ ಎತ್ತರದ ದನಿ), ಐವರು ಆಲ್ಟೊ (ಅದಕ್ಕಿಂತ ಕೆಳಗಿನ ದನಿ), ಒಬ್ಬ ಹಿರಿಯ ಬಾಸ್ (ಪುರುಷರ ಮಂದ್ರ ದನಿ) ಗಾಯಕ ಮತ್ತು ಟ್ರಂಪೆಟ್ ನುಡಿಸುವ ಒಬ್ಬ ಹುಡುಗ ಇರುವ ಚರ್ಚಿಗೆ ಸರಿಹೊಂದುವ ಕೃತಿ ಯಾವ ಪ್ರಕಾಶಕರ ಪಟ್ಟಿಯಲ್ಲೂ ಸಿಗದು, ಆ ವೃಂದವನ್ನು ಬಲ್ಲವರೇ ಅದನ್ನು ಬರೆಯಬೇಕು. ಚರ್ಚಿನ ಸಂಗೀತದ ಬಹುಪಾಲು ಹುಟ್ಟಿದ್ದು ಹೀಗೆಯೇ. 1818ರ ಕ್ರಿಸ್ಮಸ್ ಹಿಂದಿನ ರಾತ್ರಿಗಾಗಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಆರ್ಗನ್ ವಾದಕರೂ ಹತ್ತಿರದ ಆರ್ನ್ಸ್‌ಡಾರ್ಫ್‌ನಲ್ಲಿ ಶಾಲಾ ಶಿಕ್ಷಕರೂ ಆಗಿದ್ದ ಫ್ರಾಂಟ್ಸ್ ಕ್ಸಾವರ್ ಗ್ರೂಬರ್, ಕಿರಿಯ ಪಾದ್ರಿ ಯೋಸೆಫ್ ಮೋರ್ ಅವರ ಪದ್ಯಕ್ಕೆ ಎರಡು ದನಿ, ಒಂದು ಗಿಟಾರ್‌ಗಾಗಿ ಧಾಟಿ ಹೊಂದಿಸಿದರು; ಶಾಂತರಾತ್ರಿಯ ಆ ಗೀತೆ ಇಂದು ಜಗತ್ತಿನೆಲ್ಲೆಡೆ ಕೇಳಿಬರುತ್ತದೆ. ಲೈಪ್ಜಿಗ್‌ನ ಮೊದಲ ವರ್ಷಗಳಲ್ಲಿ ಬಾಖ್ ಹೆಚ್ಚುಕಡಿಮೆ ವಾರಕ್ಕೊಂದರಂತೆ ಬರೆದ ಕ್ಯಾಂಟಾಟಾಗಳೂ (ಗಾಯಕರಿಗೂ ವಾದ್ಯಗಳಿಗೂ ಬರೆದ ಆರಾಧನೆಯ ಕೃತಿಗಳು) ಮುಂದಿನ ಭಾನುವಾರದ ಅಗತ್ಯಕ್ಕೆ ಹುಟ್ಟಿದವೇ.

ಆರಂಭಿಸುವವರು ದೊಡ್ಡದಕ್ಕೆ ಕೈಹಾಕುವುದು ಬೇಡ. ಕೀರ್ತನೆಗೆ ಸಭೆ ಹಾಡುವ ಒಂದು ಸಾಲಿನ ಪಲ್ಲವಿ, ಪರಿಚಿತ ಗೀತೆಯ ಕೊನೆಯ ಚರಣಕ್ಕೆ ಸೊಪ್ರಾನೊಗಳ ಮೇಲುದನಿ, ಪ್ರಭುಭೋಜನದ ಹೊತ್ತಿಗೆ ಎರಡು ನಿಮಿಷದ ಆರ್ಗನ್ ತುಣುಕು, ಇಷ್ಟರಲ್ಲಿಯೇ ಕಲಿಯುವುದು ಬೇಕಾದಷ್ಟಿದೆ. ಸಭೆ ಹಾಡುವ ಧಾಟಿ ಒಂದು ಸ್ಥಾಯಿಗಿಂತ ಬಹಳ ಹರಡಿಕೊಳ್ಳಬಾರದು, ಅತಿ ಎತ್ತರದ ಸ್ವರದಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು. ಸಾಹಿತ್ಯವನ್ನು ಮೊದಲು ಗಟ್ಟಿಯಾಗಿ ಓದಿ, ಮಾತಿನಲ್ಲಿ ಒತ್ತು ಬೀಳುವಲ್ಲಿಯೇ ಸಂಗೀತದಲ್ಲೂ ಒತ್ತು ಬೀಳಲಿ. ಹ್ರಸ್ವವನ್ನು ಎಳೆದು ದೀರ್ಘವನ್ನು ಮೊಟಕುಗೊಳಿಸಿದ ಸ್ವರಸಂಯೋಜನೆ ಎಷ್ಟೇ ಇಂಪಾಗಿದ್ದರೂ ಪ್ರಾರ್ಥನೆಯ ಮಾತನ್ನು ಕೆಡಿಸುತ್ತದೆ, ಕೇಳುವವರಿಗೆ ಪದವೇ ತಿಳಿಯದಂತೆ ಮಾಡುತ್ತದೆ. ಬರೆದದ್ದನ್ನು ವೃಂದದ ಮುಂದಿಟ್ಟಾಗ ಅವರು ಎರಡು ಸಲ ಒಂದೇ ಜಾಗದಲ್ಲಿ ಎಡವಿದರೆ, ತಿದ್ದಬೇಕಾದದ್ದು ಹೆಚ್ಚಾಗಿ ಬರಹವನ್ನೇ.

ಹಾರ್ಮನಿ (ಒಟ್ಟಿಗೆ ನುಡಿಯುವ ಸ್ವರಗಳ ಹೊಂದಾಣಿಕೆ), ಕೌಂಟರ್‌ಪಾಯಿಂಟ್ (ಹಲವು ಧಾಟಿಗಳನ್ನು ಒಟ್ಟಿಗೆ ಹೆಣೆಯುವುದು) ಇವುಗಳ ಶಿಸ್ತನ್ನು ಯಾವ ವಯಸ್ಸಿನಲ್ಲಾದರೂ ಕಲಿಯಬಹುದು. ಬ್ರುಕ್ನರ್ ಮೂವತ್ತು ದಾಟಿದ ಮೇಲೆ, ಲಿಂಟ್ಸ್ ಕ್ಯಾಥೆಡ್ರಲ್‌ನಲ್ಲಿ ಕೆಲಸ ಮಾಡುತ್ತಲೇ, 1855ರಿಂದ 1861ರವರೆಗೆ ವಿಯೆನ್ನಾದ ಸಿಮೋನ್ ಸೆಖ್ಟರ್ ಅವರಲ್ಲಿ ಬಹುಮಟ್ಟಿಗೆ ಪತ್ರಮುಖೇನ ಪಾಠ ಹೇಳಿಸಿಕೊಂಡರು. ಅವರ ದೊಡ್ಡ ಕೃತಿಗಳೆಲ್ಲ ಅದರ ನಂತರದವು.

ಬೇರೆಯವರ ಕೃತಿಯನ್ನು ನಕಲು ಮಾಡಿಸಿ ವೃಂದಕ್ಕೆ ಹಂಚಬಹುದೇ?

ಹಕ್ಕುಸ್ವಾಮ್ಯ ಮುಗಿದಿದ್ದರೆ ಹಂಚಬಹುದು, ಇಲ್ಲದಿದ್ದರೆ ಅನುಮತಿ ಬೇಕು. ಬರ್ನ್ ಒಪ್ಪಂದದ ಪ್ರಕಾರ ರಚನಕಾರರು ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ ರಕ್ಷಣೆಯಿದೆ, ಅನೇಕ ದೇಶಗಳಲ್ಲಿ ಇದು 70 ವರ್ಷ. ಹಳೆಯ ಧಾಟಿಯ ಹೊಸ ಸ್ವರಜೋಡಣೆಗೂ, ಹಳೆಯ ಗೀತೆಯ ಹೊಸ ಅನುವಾದಕ್ಕೂ ಪ್ರತ್ಯೇಕ ಹಕ್ಕು ಇರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಆರಾಧನೆಯನ್ನು ಅಂತರ್ಜಾಲದಲ್ಲಿ ನೇರವಾಗಿ ಬಿತ್ತರಿಸುವುದಿದ್ದರೆ ಅದಕ್ಕೆ ಬೇರೆಯೇ ಅನುಮತಿ ಬೇಕಾಗಬಹುದು. ತಾವೂ ರಚನಕಾರರಾಗಿರುವವರು ಈ ವಿಷಯದಲ್ಲಿ ಸಡಿಲವಾಗಿರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವ ಓದು, ಯಾವ ಪರೀಕ್ಷೆಗಳು ಬೇಕು?

ದೇಶದಿಂದ ದೇಶಕ್ಕೆ ದಾರಿ ಬೇರೆ. ಇಂಗ್ಲೆಂಡಿನಲ್ಲಿ 1864ರಲ್ಲಿ ಸ್ಥಾಪನೆಯಾದ ರಾಯಲ್ ಕಾಲೇಜ್ ಆಫ್ ಆರ್ಗನಿಸ್ಟ್ಸ್, ಅಮೆರಿಕದಲ್ಲಿ 1896ರಲ್ಲಿ ಆರಂಭವಾದ ಅಮೆರಿಕನ್ ಗಿಲ್ಡ್ ಆಫ್ ಆರ್ಗನಿಸ್ಟ್ಸ್ ನಡೆಸುವ ಪರೀಕ್ಷೆಗಳಿಗೆ ಮನ್ನಣೆಯಿದೆ. ಇವುಗಳಲ್ಲಿ ಕೃತಿ ನುಡಿಸುವುದರ ಜೊತೆಗೆ ಶ್ರುತಿ ಬದಲಿಸಿ ನುಡಿಸುವುದು, ಹಲವು ದನಿಗಳ ಸ್ವರಲಿಪಿಯನ್ನು ಕಂಡ ಕೂಡಲೇ ಓದುವುದು, ಮನೋಧರ್ಮ ಎಲ್ಲವನ್ನೂ ಒರೆಗೆ ಹಚ್ಚುತ್ತಾರೆ. ಜರ್ಮನಿಯಲ್ಲಿ ಎ, ಬಿ, ಸಿ ಎಂಬ ಹಂತಗಳ ಚರ್ಚ್ ಸಂಗೀತದ ಅರ್ಹತೆಗಳಿದ್ದು, ಅರೆಕಾಲಿಕ ಕೆಲಸಕ್ಕೆ ಸಿ ಹಂತ ಸಾಕಾಗುತ್ತದೆ. ಪದವಿಯಿಲ್ಲದೆ ಬೆಳೆದವರೂ ಇದ್ದಾರೆ. 1885ರಲ್ಲಿ ತಂದೆಯ ನಂತರ ವೂಸ್ಟರ್‌ನ ಸೇಂಟ್ ಜಾರ್ಜ್ ಕ್ಯಾಥೊಲಿಕ್ ಚರ್ಚಿನ ವಾದಕರಾದ ಎಡ್ವರ್ಡ್ ಎಲ್ಗರ್ ರಚನೆಯನ್ನು ಬಹುಮಟ್ಟಿಗೆ ಸ್ವಂತವಾಗಿಯೇ ಕಲಿತರು. ಪರೀಕ್ಷೆಯ ಪ್ರಮಾಣಪತ್ರದಷ್ಟೇ ಬೆಲೆಬಾಳುವ ಇನ್ನೊಂದು ಶಿಕ್ಷಣವೆಂದರೆ ನುರಿತ ವಾದಕರ ಪಕ್ಕದಲ್ಲಿ ನಿಂತು, ಪುಟ ತಿರುಗಿಸುತ್ತ, ಇಡೀ ಆರಾಧನೆಯನ್ನು ಅವರ ಕಣ್ಣಿನಿಂದ ನೋಡುವುದು.

ಇದರಿಂದ ಜೀವನ ನಡೆಯುತ್ತದೆಯೇ?

ಪೂರ್ಣಾವಧಿಯ ಹುದ್ದೆಗಳು ಕ್ಯಾಥೆಡ್ರಲ್‌ಗಳಲ್ಲಿ, ದೊಡ್ಡ ಚರ್ಚುಗಳಲ್ಲಿ ಮಾತ್ರ ಇರುತ್ತವೆ, ಅವು ಕಡಿಮೆ. ಉಳಿದವರು ಅರೆಕಾಲಿಕ ಹುದ್ದೆಯ ಜೊತೆಗೆ ಪಾಠ, ಮದುವೆ, ಶವಸಂಸ್ಕಾರದ ಆರಾಧನೆಗಳು, ಇತರ ವೃಂದಗಳಿಗೆ ಪಕ್ಕವಾದ್ಯ, ಕಛೇರಿ, ಕೃತಿಗಳ ಪ್ರಕಟಣೆ ಹೀಗೆ ಹಲವು ಮೂಲಗಳನ್ನು ಕೂಡಿಸಿಕೊಂಡು ಬದುಕುತ್ತಾರೆ. ರಚನಕಾರ ಸೀಸರ್ ಫ್ರಾಂಕ್ 1858ರಿಂದ ಪ್ಯಾರಿಸ್ಸಿನ ಸೇಂಟ್ ಕ್ಲೋಟಿಲ್ಡ್ ಚರ್ಚಿನ ವಾದಕರಾಗಿದ್ದರೂ ದಿನದ ಬಹುಪಾಲನ್ನು ಪಾಠಗಳಿಗೇ ಕೊಡಬೇಕಾಗಿತ್ತು. ಪ್ಯಾರಿಸ್ ಕಾನ್ಸರ್ವೇಟರಿಯ ಪ್ರಾಧ್ಯಾಪಕರಾದದ್ದು 1872ರಲ್ಲಿ, ಐವತ್ತರ ಅಂಚಿನಲ್ಲಿ.

ಹುದ್ದೆ ಒಪ್ಪಿಕೊಳ್ಳುವ ಮುನ್ನ ಲಿಖಿತ ಒಪ್ಪಂದ ಕೇಳುವುದು ಭಕ್ತಿಗೆ ವಿರುದ್ಧವಲ್ಲ. ವಾರಕ್ಕೆ ಎಷ್ಟು ಆರಾಧನೆ, ಎಷ್ಟು ಅಭ್ಯಾಸ, ರಜೆಯಲ್ಲಿ ಬದಲಿ ವಾದಕರಿಗೆ ಹಣ ಕೊಡುವವರು ಯಾರು, ಮದುವೆಯ ಸಂಭಾವನೆ ಯಾರಿಗೆ, ಸ್ವಂತ ಸಾಧನೆಗೆ ಮತ್ತು ಶಿಷ್ಯರ ಪಾಠಕ್ಕೆ ವಾದ್ಯವನ್ನು ಬಳಸಬಹುದೇ, ಹುದ್ದೆಯಲ್ಲಿದ್ದಾಗ ರಚಿಸಿದ ಸಂಗೀತದ ಹಕ್ಕು ಯಾರದು ಎಂಬುದೆಲ್ಲ ಅದರಲ್ಲಿರಲಿ. ಪ್ರಕಟ ಆರಾಧನೆಯ ಒಂದು ಗಂಟೆಯ ಹಿಂದೆ ಸಾಧನೆ, ಆಯ್ಕೆ, ನಕಲು, ದೂರವಾಣಿ ಕರೆಗಳ ಹಲವು ಗಂಟೆಗಳಿರುತ್ತವೆ ಎಂಬುದನ್ನು ನೇಮಿಸಿಕೊಳ್ಳುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೇವೆಯೆಂಬ ಮಾತನ್ನು ಮುಂದಿಟ್ಟು ಕಡಿಮೆ ಕೊಡುವುದು ನ್ಯಾಯವಲ್ಲ.

ಸಭಾಪಾಲಕರೊಂದಿಗೆ ಅಭಿಪ್ರಾಯಭೇದ ಬಂದರೆ?

ಬಂದೇ ಬರುತ್ತದೆ. ಬಾಖ್ ಜರ್ಮನಿಯ ಅರ್ನ್‌ಸ್ಟಾಟ್‌ನಲ್ಲಿ ಆರ್ಗನ್ ವಾದಕರಾಗಿದ್ದಾಗ, 1705ರಲ್ಲಿ ನಾಲ್ಕು ವಾರಗಳ ರಜೆ ಪಡೆದು ಹೆಸರಾಂತ ಆರ್ಗನ್ ವಾದಕ ಡೀಟ್ರಿಕ್ ಬುಕ್ಸ್‌ಟೆಹೂಡೆ ಅವರ ಸಂಗೀತ ಕೇಳಲು ಸುಮಾರು 400 ಕಿಲೋಮೀಟರ್ ದೂರದ ಲ್ಯೂಬೆಕ್‌ಗೆ ಹೋಗಿ, ಸುಮಾರು ನಾಲ್ಕು ತಿಂಗಳ ನಂತರ ಹಿಂದಿರುಗಿದರು. ಮುಂದಿನ ವರ್ಷ ಚರ್ಚಿನ ಹಿರಿಯರು ನಡೆಸಿದ ವಿಚಾರಣೆಯಲ್ಲಿ ರಜೆ ಮೀರಿದ್ದಷ್ಟೇ ಅಲ್ಲ, ಸಭೆಯ ಗೀತೆಗಳಲ್ಲಿ ವಿಚಿತ್ರ ಸ್ವರಗಳನ್ನು ಬೆರೆಸಿ ಜನರನ್ನು ಗೊಂದಲಗೊಳಿಸಿದ ಆಕ್ಷೇಪವೂ ಬಂತು. ಬಾಖ್ ಮೇಲಿನ ಅಭಿಮಾನದಿಂದ ಆ ಹಿರಿಯರನ್ನು ಅರಸಿಕರೆಂದು ಹಳಿಯುವುದು ವಾಡಿಕೆ. ಜನರಿಗೆ ಹಾಡಲು ಆಗುತ್ತಿಲ್ಲ ಎಂಬ ಅವರ ದೂರು ಮಾತ್ರ ನ್ಯಾಯವಾದದ್ದೇ ಎಂದು ನಾನು ತಿಳಿಯುತ್ತೇನೆ.

ಆರಾಧನೆಯಲ್ಲಿ ಓದುವ ಬೈಬಲ್ ಪಾಠಗಳು, ಪ್ರಸಂಗದ (ಪ್ರವಚನದ) ವಿಷಯ, ಗೀತೆಗಳ ಆಯ್ಕೆ ಇವನ್ನು ಕನಿಷ್ಠ ಕೆಲವು ವಾರ ಮೊದಲೇ ಒಟ್ಟಿಗೆ ಕೂತು ನಿಶ್ಚಯಿಸುವುದರಿಂದ ಬಹುಪಾಲು ಜಗಳಗಳು ಹುಟ್ಟುವುದೇ ಇಲ್ಲ. ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ವಾರಗಳ) ಸಿದ್ಧತೆ ಅದಕ್ಕೆ ಮೂರು ತಿಂಗಳ ಮೊದಲು, ಪವಿತ್ರ ವಾರದ (ಈಸ್ಟರ್ ಹಿಂದಿನ ವಾರದ) ಸಿದ್ಧತೆ ಕ್ರಿಸ್ಮಸ್ ಮುಗಿದ ಕೂಡಲೇ ಆರಂಭವಾಗಬೇಕು.

ಮಹಿಳೆಯರಿಗೆ, ದೃಷ್ಟಿ ಇಲ್ಲದವರಿಗೆ ಈ ವೃತ್ತಿಯಲ್ಲಿ ಅವಕಾಶವಿದೆಯೇ?

ಮಹಿಳೆಯರಿಗೆ ಬಾಗಿಲು ತೆರೆದದ್ದು ತಡವಾಗಿ. ಎಲಿಜಬೆತ್ ಸ್ಟರ್ಲಿಂಗ್ 1856ರಲ್ಲಿ ಆಕ್ಸ್‌ಫರ್ಡ್‌ನ ಸಂಗೀತ ಪದವಿಗೆ ಬೇಕಾದ ರಚನೆಯನ್ನು ಸಲ್ಲಿಸಿ ಅಂಗೀಕಾರ ಪಡೆದರೂ, ಹೆಣ್ಣೆಂಬ ಕಾರಣಕ್ಕೆ ಪದವಿ ಸಿಗಲಿಲ್ಲ. 1903ರಲ್ಲಿ ಪೋಪ್ ಹತ್ತನೇ ಪಯಸ್ ಹೊರಡಿಸಿದ ಆದೇಶ ಚರ್ಚಿನ ವೃಂದಗಳಲ್ಲಿ ಮಹಿಳೆಯರಿಗೆ ಸ್ಥಾನವಿಲ್ಲವೆಂದಿತ್ತು. ಜಾನ್ ಡೆಮೆಸ್ಯೂ 1962ರಲ್ಲಿ ಮದ್ಲೆನ್ ಚರ್ಚಿನ ವಾದಕಿಯಾದರು. ಸಾಲ್ಸ್‌ಬರಿ ಕ್ಯಾಥೆಡ್ರಲ್‌ನ ಬಾಲಕಿಯರ ವೃಂದ ಆರಂಭವಾದದ್ದು 1991ರಲ್ಲಿ. ಇಂದು ಅನೇಕ ಕಡೆ ಮಹಿಳೆಯರೇ ಸಂಗೀತ ನಿರ್ದೇಶಕರು.

ದೃಷ್ಟಿಯಿಲ್ಲದ ವಾದಕರ ಪರಂಪರೆಯಂತೂ ಈ ವಾದ್ಯದ ಹೆಮ್ಮೆ. ಹದಿನಾರನೇ ಶತಮಾನದ ಸ್ಪೇನ್‌ನ ಆಂಟೋನಿಯೊ ಡಿ ಕಾಬೆಜೋನ್, ಇಪ್ಪತ್ತನೇ ಶತಮಾನದ ಹೆಲ್ಮುಟ್ ವಾಲ್ಖಾ, ಜಾನ್ ಲಾಂಗ್ಲೆ ಇವರೆಲ್ಲ ಕಾಣದವರು. ಉಬ್ಬುಲಿಪಿಯನ್ನು ರೂಪಿಸಿದ ಲೂಯಿ ಬ್ರೈಲ್ ಸ್ವತಃ ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ವಾದಕರಾಗಿದ್ದರು, ಅವರ ಲಿಪಿಯಲ್ಲಿ ಸಂಗೀತಕ್ಕೂ ಜಾಗವಿತ್ತು.

ನಮ್ಮಲ್ಲಿ ಡಿಜಿಟಲ್ ಆರ್ಗನ್ ಮಾತ್ರ ಇದೆ. ಅದರಲ್ಲಿ ಕಲಿಯಬಹುದೇ?

ಪೂರ್ಣ ಪೆಡಲ್ ಹಲಗೆ ಇದ್ದರೆ ಧಾರಾಳವಾಗಿ ಕಲಿಯಬಹುದು. ಹೆಡ್‌ಫೋನ್ ಹಾಕಿ ರಾತ್ರಿ ಹೊತ್ತಿನಲ್ಲೂ ಸಾಧನೆ ಮಾಡಲು ಅದೇ ಅನುಕೂಲ. ಕೊಳವೆಗಳ ವಾದ್ಯ ಗಾಳಿಯೊಂದಿಗೆ, ಕಟ್ಟಡದೊಂದಿಗೆ ನಡೆದುಕೊಳ್ಳುವ ರೀತಿಯನ್ನು ಮಾತ್ರ ಅದು ಕಲಿಸಲಾರದು. ಉದಾಹರಣೆಗೆ, ಉಷ್ಣಾಂಶ ಏರಿದಂತೆ ಸಾಮಾನ್ಯ ಕೊಳವೆಗಳ ಶ್ರುತಿ ಏರುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಅರ್ಧಸ್ವರದ ಸುಮಾರು ನೂರರಲ್ಲಿ ಮೂರು ಭಾಗದಷ್ಟು. ರೀಡ್ ಕೊಳವೆಗಳು ಬಹುಮಟ್ಟಿಗೆ ಇದ್ದಲ್ಲೇ ಇರುತ್ತವೆ. ಹೀಗಾಗಿ ಸೆಕೆಯ ದಿನ ರೀಡ್‌ಗಳು ಅಪಶ್ರುತಿಯಂತೆ ಕೇಳಿದರೆ ಅವುಗಳನ್ನು ಮುಟ್ಟದೆ ಬಿಡುವುದೇ ಲೇಸು.

ನಂಬಿಕೆ ಇಲ್ಲದವರು ಈ ಕೆಲಸ ಮಾಡಬಹುದೇ?

ಮಾಡುವವರಿದ್ದಾರೆ, ಪ್ರಾಮಾಣಿಕವಾಗಿ ಮಾಡುವವರೂ ಇದ್ದಾರೆ. ಆದರೆ ಹಾಡುತ್ತಿರುವ ಮಾತು ಹಾಡುವವರಿಗೆ ಎಷ್ಟು ಮುಖ್ಯ ಎಂಬುದನ್ನು ಗೌರವಿಸಲಾಗದವರಿಗೆ ಇದು ಹೊರೆಯಾಗುತ್ತದೆ. ಶವಪೆಟ್ಟಿಗೆಯ ಮುಂದೆ ನಿಂತ ಕುಟುಂಬಕ್ಕಾಗಿ ನುಡಿಸುವಾಗ ವಾದಕರ ಮನಸ್ಸು ಬೇರೆಡೆ ಇದ್ದರೆ ಅದು ವಾದನದಲ್ಲಿ ಗೊತ್ತಾಗುತ್ತದೆ.

ಒಂದೇ ಚರ್ಚಿನಲ್ಲಿ ಎಷ್ಟು ಕಾಲ ಇರಬಹುದು? ಬಿಡುವಾಗ ಏನು ಮಾಡಬೇಕು?

ಷಾರ್ಲ್ ಮರಿ ವಿಡೋರ್ 1870ರಲ್ಲಿ ಸೇಂಟ್ ಸುಲ್ಪೀಸ್‌ಗೆ ತಾತ್ಕಾಲಿಕವಾಗಿ ನೇಮಕಗೊಂಡು 1933ರ ಕೊನೆಯವರೆಗೂ ಅಲ್ಲಿಯೇ ಇದ್ದರು. ಒಲಿವಿಯೆ ಮೆಸ್ಯಾನ್ 1931ರಿಂದ 1992ರಲ್ಲಿ ತೀರಿಕೊಳ್ಳುವವರೆಗೆ ಪ್ಯಾರಿಸ್ಸಿನ ಟ್ರಿನಿಟೆ ಚರ್ಚಿನಲ್ಲಿ ನುಡಿಸಿದರು. 1900ರಿಂದ ನೋತ್ರ್ ದಾಮ್‌ನಲ್ಲಿದ್ದ, ದೃಷ್ಟಿ ಬಹಳ ಮಂದವಾಗಿದ್ದ ಲೂಯಿ ವಿಯೆರ್ನ್, 1937ರ ಜೂನ್ 2ರಂದು ಕಛೇರಿಯ ಹೊತ್ತಿನಲ್ಲಿ ವಾದ್ಯದ ಮುಂದೆಯೇ ಪ್ರಾಣಬಿಟ್ಟರು. ದೀರ್ಘ ಸೇವೆಯಿಂದ ವಾದ್ಯ, ಕಟ್ಟಡ, ಜನ ಮೂರೂ ಒಳಗಿನಿಂದ ಪರಿಚಯವಾಗುತ್ತವೆ. ಆದರೆ ಕಿವಿ ಮಂದವಾಗಿ, ಕಾಲು ತಡವಾಗಿ, ಸಭೆಯ ಹಾಡು ಸೊರಗತೊಡಗಿದರೆ ಅದನ್ನು ಹೇಳಲು ಧೈರ್ಯವಿರುವ ಒಬ್ಬ ಸಹೋದ್ಯೋಗಿ ಹತ್ತಿರವಿರಬೇಕು.

ಬಿಡುವಾಗ ವೃಂದದ ಸ್ವರಲಿಪಿಗಳ ಪಟ್ಟಿ, ವಾದ್ಯದ ದುರಸ್ತಿಯ ದಾಖಲೆ, ಸಭೆಗೆ ಗೊತ್ತಿರುವ ಧಾಟಿಗಳ ವಿವರ, ಯಾವ ಗೀತೆಯನ್ನು ಯಾವ ಶ್ರುತಿಯಲ್ಲಿ ಹಾಡುವ ರೂಢಿಯಿದೆ ಎಂಬ ಟಿಪ್ಪಣಿ ಇಷ್ಟನ್ನೂ ಬರೆದಿಟ್ಟು ಹೋಗಬೇಕು. ಮುಂದೆ ಬಂದವರು ಏನನ್ನಾದರೂ ಬದಲಾಯಿಸಿದರೆ, ಹಳೆಯ ಗಾಯಕರು ಫೋನ್ ಮಾಡಿ ದೂರು ಹೇಳಿದರೂ ಅದರಲ್ಲಿ ತಲೆಹಾಕಬಾರದು. ಕೆಲವು ತಿಂಗಳು ಆ ಚರ್ಚಿನ ಆರಾಧನೆಗೆ ಹೋಗದಿರುವುದೂ ಹೊಸಬರಿಗೆ ಮಾಡುವ ಉಪಕಾರವೇ.